ಎಲ್‌1 ಬರ್ಸ್ಟ್ ಮುರಿತ: ಆರು ಸ್ಕ್ರೂ ಸಾಕಾ, ಎಂಟು ಬೇಕಾ?

ಕಾರ್ಕಳ ಕ್ಲಿನಿಕ್ ಕೇಳಿದ್ದು:

ಮಳೆ ಹಿಡಿದು ಅಡಿಕೆಗೆ ಬೋರ್ಡೋ ಮದ್ದು ಬಿಡುವ ಕೆಲಸ ಶುರುವಾದ ಮೇಲೆ ಮರದಿಂದ ಜಾರಿ ಬಿದ್ದು ಬೆನ್ನೆಲುಬು ಮುರಿದುಕೊಂಡವರು ನಮ್ಮ ಕಡೆ ಬರುತ್ತಲೇ ಇರುತ್ತಾರೆ. ಆಪರೇಷನ್ ನಾನು ಮಾಡುವವನಲ್ಲ. ಆದರೆ ಮಂಗಳೂರಿನಲ್ಲೋ ಉಡುಪಿಯಲ್ಲೋ ತೋರಿಸಿಕೊಂಡು ಬಂದವರು ಫಿಲ್ಮ್ ಹಿಡಿದು "ಡಾಕ್ಟ್ರೇ, ಇವರು ಆರು ಸ್ಕ್ರೂ ಅಂತಾರೆ, ಅವರು ಎಂಟು ಅಂತಾರೆ, ನಾವು ಎಂತ ಮಾಡುವುದು?" ಎಂದು ಕೇಳುವುದು ನನ್ನ ಹತ್ತಿರ. ಅವರಿಗೆ ಸರಿಯಾಗಿ ಬಿಡಿಸಿ ಹೇಳಬೇಕು ಎಂದು ಇಲ್ಲಿ ಕೇಳುತ್ತಿದ್ದೇನೆ.

ಮಾದರಿಗೆ ಒಂದು ಚಿತ್ರ ಇಟ್ಟುಕೊಳ್ಳೋಣ. ನಲವತ್ತರ ಆಸುಪಾಸಿನ ಗಂಡಸು, ಎಲ್‌1 ಬರ್ಸ್ಟ್ (ಸೊಂಟದ ಮೊದಲ ಕಶೇರು ಒಡೆದು ಚೂರಾದದ್ದು), ಮುಂದಿನ ಎತ್ತರ ಅರ್ಧದಷ್ಟು ಕುಸಿದಿದೆ, ಕೈಫೋಸಿಸ್ (ಬೆನ್ನು ಮುಂದಕ್ಕೆ ಬಾಗಿದ ಕೋನ) 18 ಡಿಗ್ರಿ, ಬೆನ್ನುಹುರಿಯ ಕಾಲುವೆಯ ಸುಮಾರು ಶೇ. 40 ಜಾಗ ಎಲುಬಿನ ಚೂರು ತಿಂದಿದೆ. ಕಾಲಿನ ಬಲ ಪೂರ್ತಿ ಉಂಟು, ಗುದದ ಸುತ್ತ ಸ್ಪರ್ಶ ಉಂಟು, ಮೂತ್ರ ಸಲೀಸು. ಎಂಆರ್‌ಐಯ ಸ್ಟಿರ್ ಚಿತ್ರದಲ್ಲಿ (ನೀರು ತುಂಬಿದ ಜಾಗ ಬೆಳ್ಳಗೆ ಕಾಣುವಂಥದ್ದು) ಹಿಂದಿನ ಲಿಗಮೆಂಟು ಬೆಳ್ಳಗೆ ಹೊಳೆಯುತ್ತಿದೆ.

ನನ್ನ ಪ್ರಶ್ನೆಗಳು: ಆರಾ ಎಂಟಾ ಎಂಬುದನ್ನು ಯಾವುದು ನಿರ್ಧರಿಸುತ್ತದೆ? ಕಾಲುವೆಯೊಳಗಿನ ಚೂರನ್ನು ತೆಗೆಯಲೇಬೇಕಾ? ಆಮೇಲೆ ಸ್ಕ್ರೂ ತೆಗೆಸಬೇಕಾ? ಮತ್ತೆ ತೋಟದ ಕೆಲಸಕ್ಕೆ ಯಾವಾಗ?

ಸ್ಪೈನ್ ಮಂಗಳೂರು ಉತ್ತರಿಸಿದ್ದು:

ಮೊದಲು ಆಪರೇಷನ್ ಬೇಕಾ ಎಂಬುದು ಇತ್ಯರ್ಥ ಆಗಲಿ, ಸ್ಕ್ರೂ ಎಣಿಕೆ ಆಮೇಲೆ. ಬೆನ್ನೆಲುಬಿನ ಗಾಯ ಎಷ್ಟು ತೀವ್ರ ಎಂದು ಅಳೆಯುವ ಟಿಎಲ್‌ಐಸಿಎಸ್ ಅಂಕದಲ್ಲಿ ಬರ್ಸ್ಟ್‌ಗೆ 2, ನರ ಸರಿ ಇದ್ದರೆ 0. ಹಿಂದಿನ ಲಿಗಮೆಂಟು ಹರಿದದ್ದು ಖಚಿತವಾದರೆ 3, ಬರೀ ಅನುಮಾನವಾದರೆ 2. ಒಟ್ಟು 3 ಅಥವಾ ಕಡಿಮೆ ಬಂದರೆ ಬೆಲ್ಟ್ ಮತ್ತು ವಿಶ್ರಾಂತಿ, 5 ಮತ್ತು ಮೇಲೆ ಆಪರೇಷನ್, 4 ಬಂದರೆ ಎರಡೂ ಸಮ್ಮತ. ನಿಮ್ಮ ಚಿತ್ರದಲ್ಲಿ 4 ಅಥವಾ 5. ಅಂದರೆ ಎಂಆರ್‌ಐಯ ಆ ಬಿಳುಪನ್ನು ಯಾರು ಹೇಗೆ ಓದಿದರು ಎಂಬುದರ ಮೇಲೆ ತೀರ್ಮಾನ ನಿಂತಿದೆ. ಬರೀ ನೀರು ತುಂಬಿದ ಬಿಳುಪು ಬೇರೆ, ಸುಪ್ರಾಸ್ಪೈನಸ್ ಲಿಗಮೆಂಟಿನ ಕಪ್ಪು ಗೆರೆ ತುಂಡಾಗಿರುವುದು ಬೇರೆ. ಸಿಟಿಯಲ್ಲಿ ಎರಡು ಸ್ಪೈನಸ್ ಪ್ರೊಸೆಸ್‌ಗಳ (ಕಶೇರುವಿನ ಹಿಂದಿನ ಮೊನೆ) ನಡುವಿನ ಅಂತರ ಅಗಲಿಸಿದೆಯಾ, ಫ್ಯಾಸೆಟ್ (ಹಿಂದಿನ ಚಿಕ್ಕ ಕೀಲು) ಬಾಯಿ ಬಿಟ್ಟಿದೆಯಾ ಎಂದೂ ನೋಡಬೇಕು.

ಇನ್ನು ಎಣಿಕೆ. ಆರು ಅಂದವರು ಡಿ12 (ಎದೆಯ ಭಾಗದ ಕೊನೆಯ ಕಶೇರು), ಎಲ್‌1, ಎಲ್‌2ಕ್ಕೆ ಎರಡೆರಡು ಹಾಕುವವರು. ಎಂಟು ಅಂದವರು ಮುರಿದದ್ದನ್ನು ಬಿಟ್ಟು ಡಿ11, ಡಿ12, ಎಲ್‌2, ಎಲ್‌3ಕ್ಕೆ ಹಾಕುವವರು. ಇಬ್ಬರೂ ಸರಿ ಇರಬಹುದು. ತೀರ್ಪು ಇರುವುದು ಮುರಿದ ಕಶೇರುವಿನ ಮುಂಭಾಗದಲ್ಲಿ. ನೆಟ್ಟಗೆ ನಿಂತಾಗ ಭಾರದ ಬಹುಪಾಲು ಮುಂದಿನ ಕಶೇರುಕಾಯದ ಮೂಲಕ ಇಳಿಯುತ್ತದೆ. ಅದು ಪುಡಿಯಾಗಿದ್ದರೆ ಆ ಭಾರವೆಲ್ಲ ಹಿಂದಿನ ಸ್ಕ್ರೂಗಳ ಕುತ್ತಿಗೆಗೆ ಬೀಳುತ್ತದೆ. ಎಲುಬು ಕೂಡುವ ಮೊದಲೇ ಲೋಹ ದಣಿದರೆ ಸ್ಕ್ರೂ ತಲೆಯ ಕೆಳಗೆ ತುಂಡಾಗುತ್ತದೆ, ಇಲ್ಲವೇ ಎಲುಬನ್ನು ಕೊರೆದುಕೊಂಡು ಸಡಿಲವಾಗುತ್ತದೆ.

ಇದನ್ನು ಅಳೆಯಲಿಕ್ಕೆ 1994ರಲ್ಲಿ ಬಂದ ಲೋಡ್ ಶೇರಿಂಗ್ ಅಂಕ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಪುಡಿಯಾದದ್ದು ಶೇ. 30ಕ್ಕಿಂತ ಕಡಿಮೆ ಆದರೆ 1, 30ರಿಂದ 60 ಆದರೆ 2, ಅದಕ್ಕೂ ಮೇಲೆ 3. ಚೂರುಗಳು ಹೆಚ್ಚು ಚೆದರದಿದ್ದರೆ 1, ಅಡ್ಡಛೇದದ ಅರ್ಧಕ್ಕಿಂತ ಕಡಿಮೆ ಭಾಗದಲ್ಲಿ 2 ಮಿ.ಮೀ. ಸರಿದಿದ್ದರೆ 2, ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ಸರಿದಿದ್ದರೆ 3. ಟೇಬಲ್ ಮೇಲೆ ಸರಿಪಡಿಸಬೇಕಾದ ಬಾಗು 3 ಡಿಗ್ರಿವರೆಗೆ 1, 4ರಿಂದ 9ಕ್ಕೆ 2, 10 ಮತ್ತು ಮೇಲೆ 3. ಒಟ್ಟು 7 ಅಥವಾ ಹೆಚ್ಚು ಬಂದರೆ ಬರೀ ನಾಲ್ಕು ಸ್ಕ್ರೂವಿನ ಗಿಡ್ಡ ಜೋಡಣೆ ಕೈಕೊಡುತ್ತದೆ ಎಂಬುದು ಅದರ ಎಚ್ಚರಿಕೆ. ನೀವು ಕೊಟ್ಟ ಚಿತ್ರ ಸುಮಾರು 7ಕ್ಕೆ ಬಂದು ನಿಲ್ಲುತ್ತದೆ. ಅದಕ್ಕೇ ಎರಡು ಅಭಿಪ್ರಾಯ.

ಆ ಅಂಕ ಹುಟ್ಟಿದ್ದು ಮುರಿದ ಮಟ್ಟಕ್ಕೆ ಸ್ಕ್ರೂ ಹಾಕದ ಕಾಲದಲ್ಲಿ ಎಂಬುದನ್ನು ಮರೆಯಬಾರದು. ಎಲ್‌1ಕ್ಕೇ ಎರಡು ಸ್ಕ್ರೂ ಸೇರಿದರೆ ಜೋಡಣೆ ಎಷ್ಟೋ ಗಟ್ಟಿಯಾಗುತ್ತದೆ, ಮುಂದಕ್ಕೆ ಒತ್ತಿ ಬಾಗು ತಿದ್ದಲಿಕ್ಕೂ ಒಂದು ಆಧಾರ ಸಿಗುತ್ತದೆ. ಆದರೆ ಆ ಸ್ಕ್ರೂ ಕಚ್ಚಲಿಕ್ಕೆ ಎಲುಬು ಉಳಿದಿರಬೇಕು. ಕಶೇರುವಿನ ಮೇಲಿನ ತಟ್ಟೆ ಮಾತ್ರ ಒಡೆದು ಕೆಳಗಿನ ಅರ್ಧ ಗಟ್ಟಿ ಇದ್ದರೆ, ಅಂದರೆ ಎಒ ವರ್ಗೀಕರಣದ ಎ3 ಆದರೆ, ಎರಡೂ ಪೆಡಿಕಲ್ (ಸ್ಕ್ರೂ ಹಾದುಹೋಗುವ ಎಲುಬಿನ ಕುತ್ತಿಗೆ) ಇಡಿಯಾಗಿದ್ದರೆ ಆರು ಸ್ಕ್ರೂ ಸಾಕು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಎರಡೂ ತಟ್ಟೆ ಒಡೆದು ನಡುವೆ ಸೀಳಿದ ಎ4 ಆದರೆ ಎಲ್‌1ರ ಸ್ಕ್ರೂ ಗಾಳಿಯಲ್ಲಿ ನಿಂತ ಹಾಗೆ. ಆಗ ಉದ್ದ ಹೋಗಬೇಕು.

ಉದ್ದ ಹೋಗುವಾಗಲೂ ಮೇಲೆ ಎರಡು ಮಟ್ಟ, ಕೆಳಗೆ ಒಂದೇ ಮಟ್ಟ ಎಂಬ ನಡುದಾರಿ ಉಂಟು. ಡಿ11 ಸೇರಿಸಿದರೆ ನಷ್ಟ ಕಡಿಮೆ, ಪಕ್ಕೆಲುಬಿನ ಭಾಗ ಹೇಗೂ ಹೆಚ್ಚು ಬಾಗುವುದಿಲ್ಲ. ಎಲ್‌3 ಸೇರಿಸಿದರೆ ಸೊಂಟದ ಚಲಿಸುವ ಒಂದು ಕೀಲನ್ನು ಕಟ್ಟಿ ಹಾಕಿದಂತೆ. ಬಗ್ಗಿ ದುಡಿಯುವ ಮನುಷ್ಯನಿಗೆ ಆ ಕೀಲಿನ ಬೆಲೆ ದೊಡ್ಡದು.

ಚೂರಿನ ವಿಷಯ. ನರ ಸರಿ ಇದ್ದರೆ ಅದನ್ನು ಹುಡುಕಿಕೊಂಡು ಒಳಗೆ ಹೋಗಬೇಕಾಗಿಲ್ಲ. ಕಶೇರುಕಾಯಗಳ ಹಿಂಬದಿಯ ಉದ್ದ ಲಿಗಮೆಂಟು (ಮೇಲೆ ಹೇಳಿದ ಹಿಂದಿನ ಲಿಗಮೆಂಟಲ್ಲ, ಇದು ಬೇರೆ) ಇಡಿಯಾಗಿದ್ದರೆ ಸ್ಕ್ರೂಗಳ ನಡುವೆ ಹಿಗ್ಗಿಸಿದಾಗ ಅದು ಬಿಗಿಯಾಗಿ ಚೂರನ್ನು ಮುಂದಕ್ಕೆ ತಳ್ಳುತ್ತದೆ. ಇದು ಮೊದಲ ಕೆಲವು ದಿನಗಳಲ್ಲಿ ಚೆನ್ನಾಗಿ ಆಗುತ್ತದೆ. ವಾರಗಳು ಕಳೆದರೆ ಚೂರು ಅಲ್ಲೇ ಅಂಟಿಕೊಳ್ಳುತ್ತದೆ. ಉಳಿದದ್ದನ್ನು ದೇಹವೇ ಒಂದು ವರ್ಷದ ಹೊತ್ತಿಗೆ ಬಹಳಷ್ಟು ಕರಗಿಸುತ್ತದೆ. ಸಿಟಿಯಲ್ಲಿ ಚೂರು ತಿರುವುಮುರುವಾಗಿ, ಅದರ ಗಟ್ಟಿ ಬೆನ್ನು ಮುಂದಕ್ಕೆ ಮುಖ ಮಾಡಿದ್ದರೆ ಮಾತ್ರ ಹಿಗ್ಗಿಸಬಾರದು. ಅಲ್ಲಿ ಲಿಗಮೆಂಟು ಹರಿದಿರುತ್ತದೆ, ಎಳೆದರೆ ಚೂರು ಇನ್ನೂ ಒಳಗೆ ಬರಬಹುದು. ಬರೀ ಲ್ಯಾಮಿನೆಕ್ಟಮಿ (ಕಾಲುವೆಯ ಹಿಂದಿನ ಎಲುಬು ತೆಗೆಯುವುದು) ಮಾಡಿ ಬಿಡುವುದಂತೂ ಸಲ್ಲದು. ಮುಂದೆ ಮುರಿದಿರುವಾಗ ಹಿಂದಿನ ಆಧಾರವನ್ನೂ ತೆಗೆದರೆ ಬೆನ್ನು ಗೂನಾಗುವುದು ಖಂಡಿತ.

ನರ ಅರ್ಧಂಬರ್ಧ ಹೋಗಿದ್ದರೆ, ಮೂತ್ರ ಕಟ್ಟಿದ್ದರೆ, ಈ ಲೆಕ್ಕಾಚಾರಕ್ಕೆಲ್ಲ ಸಮಯ ಇಲ್ಲ. 24 ಗಂಟೆಯೊಳಗೆ ಒತ್ತಡ ತೆಗೆಯಬೇಕು. ಅಂಥವರನ್ನು ಎರಡನೇ ಅಭಿಪ್ರಾಯಕ್ಕೆ ಎಂದು ಊರೂರು ಕಳಿಸಬೇಡಿ.

ಓಟಿ ಟೆಕ್ನೀಷಿಯನ್ ಉಡುಪಿ ಉತ್ತರಿಸಿದ್ದು:

ಸರ್ ಹೇಳಿದ್ದು ಯೋಜನೆ. ಟೇಬಲ್ ಮೇಲೆ ಎಲ್ಲಿ ತಪ್ಪುತ್ತದೆ ಎಂಬುದನ್ನು ಸೇರಿಸುತ್ತೇನೆ.

ಅರ್ಧ ಕೆಲಸ ಮಲಗಿಸುವುದರಲ್ಲೇ ಮುಗಿಯುತ್ತದೆ. ಬೋರಲು ಮಲಗಿಸಿ ಎದೆಗೆ ಮತ್ತು ಸೊಂಟದ ಎಲುಬಿಗೆ ದಿಂಬು ಕೊಟ್ಟು ಹೊಟ್ಟೆ ತೂಗುವಂತೆ ಬಿಡಬೇಕು. ಹೊಟ್ಟೆ ಒತ್ತಿದರೆ ರಕ್ತ ಬೆನ್ನುಹುರಿಯ ಸುತ್ತಲಿನ ಸಿರೆಗಳಿಗೆ ತಿರುಗಿ, ಗಾಯ ತೆರೆದಾಗ ಸುರಿಯುತ್ತಲೇ ಇರುತ್ತದೆ. ಕಣ್ಣಿಗೆ ಏನೂ ತಾಗಬಾರದು, ತೋಳು 90 ಡಿಗ್ರಿಗಿಂತ ಮೇಲೆ ಹೋಗಬಾರದು. ಹೀಗೆ ಮಲಗಿಸಿದಾಗಲೇ ಬಾಗು ಎಷ್ಟೋ ತಾನಾಗಿ ಸರಿಯಾಗಿರುತ್ತದೆ. ಬಟ್ಟೆ ಹೊದೆಸುವ ಮೊದಲೇ ಟೇಬಲ್ ಪಕ್ಕದ ಎಕ್ಸ್‌ರೇ ಯಂತ್ರವಾದ ಸಿ-ಆರ್ಮ್‌ನಲ್ಲಿ ನೋಡಿದರೆ ಇನ್ನು ಸ್ಕ್ರೂವಿನಿಂದ ಎಷ್ಟು ತಿದ್ದಬೇಕು ಎಂದು ಗೊತ್ತಾಗುತ್ತದೆ. ಮಟ್ಟವನ್ನು ಬೆನ್ನೆಲುಬಿನ ಬುಡದ ಸೇಕ್ರಮ್‌ನಿಂದ ಮೇಲಕ್ಕೂ ಎಣಿಸಬೇಕು, ಕೊನೆಯ ಪಕ್ಕೆಲುಬಿನಿಂದ ಕೆಳಕ್ಕೂ ಎಣಿಸಬೇಕು. ಎರಡೂ ಹೊಂದದಿದ್ದರೆ ಚಾಕು ಮುಟ್ಟಬಾರದು. ಸೆಫಜೋಲಿನ್ 2 ಗ್ರಾಂ ಗಾಯ ತೆರೆಯುವ ಮೊದಲಿನ 60 ನಿಮಿಷದೊಳಗೆ ಹೋಗಿರಬೇಕು, ಕೆಲಸ 4 ಗಂಟೆ ದಾಟಿದರೆ ಇನ್ನೊಂದು ಡೋಸು.

ಸಿ-ಆರ್ಮ್‌ನ ನೇರ ಚಿತ್ರ ಅಂದರೆ ಸ್ಪೈನಸ್ ಪ್ರೊಸೆಸ್ ಎರಡು ಪೆಡಿಕಲ್‌ಗಳ ಸರಿ ನಡುವೆ ಕಾಣಬೇಕು, ಮೇಲಿನ ತಟ್ಟೆ ಒಂದೇ ಗೆರೆಯಾಗಿ ಕಾಣಬೇಕು. ಚಿತ್ರ ಓರೆಯಾದರೆ ಸ್ಕ್ರೂ ಸರಿ ಹೋದಂತೆ ಕಾಣಿಸಿ ಮೋಸ ಮಾಡುತ್ತದೆ. ಪ್ರತಿ ಮಟ್ಟಕ್ಕೂ ಯಂತ್ರದ ತಲೆ ಬೇರೆ ಕೋನದಲ್ಲಿ ತಿರುಗಿಸಬೇಕು.

ಸೊಂಟದ ಮಟ್ಟದಲ್ಲಿ ಒಳಹೋಗುವ ಜಾಗ ಮೇಲಿನ ಫ್ಯಾಸೆಟ್‌ನ ಹೊರ ಅಂಚು ಮತ್ತು ಟ್ರಾನ್ಸ್‌ವರ್ಸ್ ಪ್ರೊಸೆಸ್‌ನ (ಪಕ್ಕಕ್ಕೆ ಚಾಚಿದ ಮೊನೆ) ನಡುಗೆರೆ ಕೂಡುವಲ್ಲಿ. ಆಲ್‌ನಿಂದ ತೂತು ಮಾಡಿ, ಬಾಗಿದ ಪ್ರೋಬನ್ನು ಮೊದಲು ಮೂತಿ ಹೊರಕ್ಕೆ ಇಟ್ಟು ಸುಮಾರು 20 ಮಿ.ಮೀ. ಇಳಿಸುವುದು. ಅಲ್ಲಿಗೆ ಕಾಲುವೆಯ ಪಕ್ಕ ದಾಟಿರುತ್ತದೆ. ಮತ್ತೆ ಹೊರತೆಗೆದು ಮೂತಿ ಒಳಕ್ಕೆ ತಿರುಗಿಸಿ ಮುಂದುವರಿಸುವುದು. ಒಳಗೆ ಮೃದು ಎಲುಬು ಸಣ್ಣಗೆ ಒಂದೇ ಸಮ ತಡೆ ಕೊಡುತ್ತಿರಬೇಕು. ತಟಕ್ಕನೆ ಸಡಿಲವಾದರೆ ಗೋಡೆ ಒಡೆದಿದೆ ಎಂದೇ ತಿಳಿಯಬೇಕು. ಗುಂಡುಮೂತಿಯ ಫೀಲರ್ ಹಾಕಿ ತಳ, ಒಳ, ಹೊರ, ಮೇಲೆ, ಕೆಳಗೆ, ಐದೂ ಗೋಡೆ ತಡವಬೇಕು. ಒಳಗೋಡೆ ಮತ್ತು ಕೆಳಗೋಡೆ ಮುಖ್ಯ, ನರ ಇರುವುದು ಆ ಕಡೆ. ಆಮೇಲೆ ಸ್ಕ್ರೂಗಿಂತ ಅರ್ಧದಿಂದ 1 ಮಿ.ಮೀ. ಸಪೂರದ ಟ್ಯಾಪ್, ಮತ್ತೆ ಫೀಲರ್, ಆಮೇಲೆ ಸ್ಕ್ರೂ.

ಅಳತೆ ಸಿಟಿಯಲ್ಲಿ ಮೊದಲೇ ತೆಗೆದಿಟ್ಟುಕೊಳ್ಳಬೇಕು. ಸಾಮಾನ್ಯ ಮೈಕಟ್ಟಿಗೆ ಡಿ12ಕ್ಕೆ 5.5 ಮಿ.ಮೀ. ದಪ್ಪ 40 ಮಿ.ಮೀ. ಉದ್ದ, ಎಲ್‌2ಕ್ಕೆ 6.5 ದಪ್ಪ 45 ಉದ್ದ, ಮುರಿದ ಎಲ್‌1ಕ್ಕೆ ಗಿಡ್ಡದು, 30 ಅಥವಾ 35. ಎಲ್‌1 ಪೆಡಿಕಲ್ ಡಿ12ಕ್ಕಿಂತ ಸಪೂರ ಇರುವುದು ಸಾಮಾನ್ಯ, ಅದನ್ನು ನೋಡದೆ ಕೆಳಗಿನದ್ದೆಲ್ಲ ದಪ್ಪ ಎಂದು 6.5 ತುರುಕಿದರೆ ಗೋಡೆ ಸೀಳುತ್ತದೆ. ಪಕ್ಕದ ಚಿತ್ರದಲ್ಲಿ ಸ್ಕ್ರೂ ತುದಿ ಕಶೇರುಕಾಯದ ಆಳದ ಶೇ. 80 ಮೀರಬಾರದು, ಮುಂದೆ ದೊಡ್ಡ ರಕ್ತನಾಳ ಉಂಟು. ನೇರ ಚಿತ್ರದಲ್ಲಿ ತುದಿ ನಡುಗೆರೆ ದಾಟಿದರೆ ಕಾಲುವೆಯೊಳಗೆ ಹೊಕ್ಕಿರುವ ಶಂಕೆ. ಪೆಡಿಕಲ್‌ನ ಒಳಗೆರೆಯನ್ನೇ ಮುಟ್ಟದಿದ್ದರೆ ಹೊರಗೆ ಹೋಗಿರುವ ಶಂಕೆ.

ಇನ್ನೊಂದು ವಿಷಯ ಇಂಪ್ಲಾಂಟ್ ಟ್ರೇ ತರಿಸುವಾಗ. ಎಲ್ಲ ಕಡೆ ತಿರುಗುವ ಪಾಲಿಆಕ್ಸಿಯಲ್ ಸ್ಕ್ರೂ, ಸ್ಕ್ರೂಗಳನ್ನು ಜೋಡಿಸುವ ರಾಡ್ ಕೂರಿಸಲಿಕ್ಕೆ ಸುಲಭ, ಆದರೆ ಬಾಗು ತಿದ್ದುವಾಗ ಅದರ ತಲೆಯೇ ತಿರುಗಿ ಬಲ ಎಲುಬಿಗೆ ಹೋಗುವುದಿಲ್ಲ. ಮುರಿತಕ್ಕೆ ಮೇಲಿನ ಮತ್ತು ಕೆಳಗಿನ ತುದಿಯಲ್ಲಿ ತಲೆ ತಿರುಗದ ಮೊನೋಆಕ್ಸಿಯಲ್ ಕೇಳಿ ತರಿಸಬೇಕು. ಮೊದಲು ಬಾಗು ಸರಿಮಾಡಿ ಆಮೇಲೆ ಹಿಗ್ಗಿಸುವುದು. ಹಿಂದಿನ ಲಿಗಮೆಂಟು ಹರಿದಿರುವಾಗ ಮೊದಲೇ ಹಿಗ್ಗಿಸಿದರೆ ಹಿಂದುಗಡೆ ಬಾಯಿ ಬಿಟ್ಟು ಗೂನು ಜಾಸ್ತಿಯಾಗುತ್ತದೆ. 5.5ರ ಟೈಟಾನಿಯಂ ರಾಡನ್ನು ಒಮ್ಮೆ ಬಾಗಿಸಿದರೆ ಮತ್ತೆ ಹಿಂದಕ್ಕೆ ಬಾಗಿಸಬಾರದು. ಬೆಂಡರ್ ಕಚ್ಚಿದ ಗಾಯದಲ್ಲೇ ಅದು ಮುಂದೆ ತುಂಡಾಗುವುದು. ರಾಡನ್ನು ಬಿಗಿಯುವ ಸೆಟ್ ಸ್ಕ್ರೂವನ್ನು ಮೊದಲು ಎರಡು ಬೆರಳಲ್ಲಿ ತಿರುಗಿಸಿ ಹಲ್ಲು ಕೂತಿದೆ ಎಂದು ಖಾತ್ರಿ ಮಾಡಿಕೊಂಡು, ಕೊನೆಯ ಬಿಗಿತ ಟಾರ್ಕ್ ರೆಂಚ್‌ನಲ್ಲೇ. ಸಿಸ್ಟಮ್ ನೋಡಿಕೊಂಡು ಸಾಮಾನ್ಯವಾಗಿ 10ರಿಂದ 12 ನ್ಯೂಟನ್ ಮೀಟರ್. ಎದುರು ತಡೆಹಿಡಿಯುವ ಕೌಂಟರ್ ಟಾರ್ಕ್ ಹಿಡಿಯದೆ ಬಿಗಿದರೆ ಆ ತಿರುಚು ಪೂರಾ ಪೆಡಿಕಲ್‌ಗೆ ಹೋಗಿ, ಅಷ್ಟು ಹೊತ್ತು ಮಾಡಿದ ಕೆಲಸ ಅರೆಗಳಿಗೆಯಲ್ಲಿ ಹಾಳಾಗುತ್ತದೆ.

ಕಾರ್ಕಳ ಕ್ಲಿನಿಕ್:

ತುಂಬಾ ಉಪಕಾರ ಆಯಿತು ಇಬ್ಬರಿಂದಲೂ. ಇನ್ನೊಂದು: ಸಣ್ಣ ತೂತಿನಲ್ಲಿ ಮಾಡುವ ವಿಧಾನ ಎಲ್ಲರಿಗೂ ಆಗುತ್ತದಾ? ಬಚ್ಚಲಲ್ಲಿ ಜಾರಿ ಬಿದ್ದ ಎಪ್ಪತ್ತರ ಅಮ್ಮಂದಿರಿಗೆ ಸ್ಕ್ರೂ ಹಿಡಿಯುತ್ತದಾ?

ಸ್ಪೈನ್ ಮಂಗಳೂರು:

ನರ ಸರಿ ಇದ್ದು, ಒತ್ತಡ ತೆಗೆಯುವ ಕೆಲಸ ಇಲ್ಲದಿದ್ದರೆ ತೂತಿನ ವಿಧಾನ ಒಳ್ಳೆಯದು. ಸ್ನಾಯು ಕತ್ತರಿಸುವುದಿಲ್ಲ, ರಕ್ತ ಕಡಿಮೆ ಹೋಗುತ್ತದೆ. ಅಪಾಯ ಇರುವುದು ತಂತಿಯಲ್ಲಿ. ಸೂಜಿಯ ಮೂಲಕ ಇಳಿಸಿದ ಕೆ-ವೈರ್, ಟ್ಯಾಪ್ ತಿರುಗಿಸುವಾಗ ಅದರ ಜತೆಗೇ ಮುಂದಕ್ಕೆ ಜಾರಿ ಕಶೇರುವಿನ ಮುಂಭಾಗ ದಾಟಬಹುದು. ಸಹಾಯಕರೊಬ್ಬರು ತಂತಿ ಹಿಡಿದೇ ಇರಬೇಕು, ನಡುನಡುವೆ ಪಕ್ಕದ ಚಿತ್ರ ನೋಡುತ್ತಿರಬೇಕು. ಸ್ಕ್ರೂ ಪೆಡಿಕಲ್ ದಾಟಿ ಕಶೇರುಕಾಯಕ್ಕೆ ಹೊಕ್ಕ ಕೂಡಲೇ ತಂತಿ ಹೊರಗೆ.

ವಯಸ್ಸಾದವರಲ್ಲಿ ಮೊದಲ ಪ್ರಶ್ನೆ ಸ್ಕ್ರೂವಿನದ್ದಲ್ಲ. ಎಲುಬು ಸವೆತದಿಂದ ಕುಸಿದ ಸಾದಾ ಮುರಿತ ಹೆಚ್ಚಿನದ್ದು ನೋವಿನ ಮದ್ದು, ಬೆಲ್ಟ್ ಮತ್ತು ಬೇಗ ಎಬ್ಬಿಸಿ ನಡೆಸುವುದರಲ್ಲೇ ಹಿಡಿತಕ್ಕೆ ಬರುತ್ತದೆ. ಸ್ಕ್ರೂ ಹಾಕಲೇಬೇಕಾದಲ್ಲಿ ಗಿಡ್ಡ ಜೋಡಣೆ ಬೇಡ, ಮೇಲೆ ಕೆಳಗೆ ಎರಡೆರಡು ಮಟ್ಟ ಹೋಗಿ, ತೂತುಳ್ಳ ಸ್ಕ್ರೂ ಮೂಲಕ ತಲಾ 1ರಿಂದ 2 ಮಿ.ಲೀ. ಸಿಮೆಂಟ್ ಬಿಡುವುದು. ಸಿಮೆಂಟ್ ಟೂತ್‌ಪೇಸ್ಟ್‌ನಷ್ಟು ಗಟ್ಟಿಯಾಗುವವರೆಗೆ ಕಾಯಬೇಕು. ತೆಳ್ಳಗಿರುವಾಗ ಬಿಟ್ಟರೆ ಸಿರೆ ಹಿಡಿದು ಶ್ವಾಸಕೋಶಕ್ಕೆ ಹೋಗುತ್ತದೆ. ಹಿಂದಿನ ಗೋಡೆಯ ಕಡೆ ಹರಿಯುವುದು ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಸಕ್ಕರೆ ಕಾಯಿಲೆ, ವಿಟಮಿನ್ ಡಿ, ಎಲುಬು ಸವೆತದ ಮದ್ದು, ಇವನ್ನು ನೀವು ಊರಲ್ಲೇ ಸರಿ ಮಾಡಿಕೊಟ್ಟರೆ ನಮ್ಮ ಸ್ಕ್ರೂ ನಿಲ್ಲುತ್ತದೆ.

ಕ್ಯಾಶುವಾಲಿಟಿ ಕುಂದಾಪುರ ಉತ್ತರಿಸಿದ್ದು:

ಓಟಿಗೆ ಬರುವ ಮೊದಲಿನದ್ದು ಎರಡು ಮಾತು. ಮರದಿಂದ ಬಿದ್ದವರನ್ನು ಇಬ್ಬರು ಹೆಗಲಿಗೆ ಕೈ ಕೊಟ್ಟು ರಿಕ್ಷಾದಲ್ಲಿ ಕೂರಿಸಿ ತರುವುದು ಇನ್ನೂ ನಿಂತಿಲ್ಲ. ಕೂರಿಸಿದಾಗ ಮುರಿದ ಕಶೇರು ಮುಂದಕ್ಕೆ ಮಡಚಿ ಚೂರು ಹುರಿಗೆ ಒತ್ತುತ್ತದೆ. 108 ಬರುವವರೆಗೆ ಅಲ್ಲೇ ಮಲಗಿಸಿ. ಎತ್ತಲೇಬೇಕಾದರೆ ತಲೆ, ಹೆಗಲು, ಸೊಂಟ, ಕಾಲು ಒಟ್ಟಿಗೆ ಒಂದೇ ಸಮ ಹೊರಳುವಂತೆ ಮೂರು ನಾಲ್ಕು ಜನ ಸೇರಿ ಹಲಗೆಗೆ ಹಾಕಿ. ಆಸ್ಪತ್ರೆ ಮುಟ್ಟಿದ ಮೇಲೆ ಗಟ್ಟಿ ಹಲಗೆಯಿಂದ ಬೇಗ ಇಳಿಸಬೇಕು, ಸ್ಪರ್ಶ ಇಲ್ಲದವರಿಗೆ ಬೆನ್ನಲ್ಲಿ ಹುಣ್ಣು ಶುರುವಾಗುವುದು ಅಲ್ಲಿಂದಲೇ. ಕಾಲ ಮೇಲೆ ಬಿದ್ದವರ ಹಿಮ್ಮಡಿ ಎಲುಬು ನೋಡಲೇಬೇಕು, ಹಿಮ್ಮಡಿ ಮುರಿದು ಬಂದವರ ಬೆನ್ನೂ ನೋಡಲೇಬೇಕು. ಬೆನ್ನಲ್ಲಿ ಒಂದು ಮುರಿತ ಸಿಕ್ಕಿದರೆ ಪೂರ್ತಿ ಬೆನ್ನಿನ ಚಿತ್ರ ತೆಗೆಯಬೇಕು, ದೂರದ ಮಟ್ಟದಲ್ಲಿ ಇನ್ನೊಂದು ಅಡಗಿರಬಹುದು. ಎಲ್‌1 ಮುರಿತದ ಮೊದಲ ದಿನಗಳಲ್ಲಿ ಹೊಟ್ಟೆ ಉಬ್ಬುವುದು ಸಾಮಾನ್ಯ, ಕರುಳಿನ ಶಬ್ದ ಕೇಳದೆ ಊಟ ಕೊಡಬೇಡಿ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ರೇಷನ್ ಕಾರ್ಡು, ಆಧಾರ್ ಜತೆಗೇ ತರಲಿಕ್ಕೆ ಹೇಳಿ.

ಫಿಸಿಯೋ ಬ್ರಹ್ಮಾವರ ಉತ್ತರಿಸಿದ್ದು:

ಕೊನೆಯ ಪ್ರಶ್ನೆ ನನ್ನ ಪಾಲಿನದ್ದು. ನರ ಸರಿ ಇದ್ದವರನ್ನು ಮರುದಿನ ಅಥವಾ ಅದರ ಮರುದಿನ ಕೂರಿಸಿ, ವಾಕರ್ ಹಿಡಿಸಿ ನಿಲ್ಲಿಸಬಹುದು. ಹಾಸಿಗೆಯಿಂದ ಏಳುವಾಗ ನೇರ ಎದ್ದು ಕೂರುವುದಲ್ಲ, ಪಕ್ಕಕ್ಕೆ ಪೂರ್ತಿ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳುವುದು. ಬೆಲ್ಟ್ ಕೆಲವರು 6ರಿಂದ 12 ವಾರ ಹಾಕಿಸುತ್ತಾರೆ. ಜೋಡಣೆ ಗಟ್ಟಿ ಇದ್ದರೆ ಅದು ಕಡ್ಡಾಯ ಅಲ್ಲ, ಆದರೆ ಬಗ್ಗಬಾರದು ಎಂದು ನೆನಪು ಮಾಡಲಿಕ್ಕೆ ಉಪಯೋಗ.

ನಮ್ಮ ಕಡೆಯ ಮನೆಗಳಲ್ಲಿ ತೊಂದರೆ ಎಲ್ಲಿಂದ ಅಂದರೆ ನೆಲದಿಂದ. ಮೊದಲ ಮೂರು ತಿಂಗಳು ಚಾಪೆ ಬೇಡ, ಮಣೆ ಬೇಡ, ಕುಕ್ಕರುಗಾಲಲ್ಲಿ ಕೂರುವ ಕಕ್ಕಸು ಬೇಡ, ಅದಕ್ಕೆ ಕಮೋಡ್ ಕುರ್ಚಿ ಇಡಿ. ಬಾವಿಯಿಂದ ನೀರು ಸೇದುವುದು ಅಂದರೆ ಬಗ್ಗಿ ಭಾರ ಎಳೆಯುವುದು, ಸ್ಕ್ರೂವಿಗೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಆರು ವಾರದವರೆಗೆ 3 ಕಿಲೋಗಿಂತ ಹೆಚ್ಚು ಎತ್ತುವುದು ಬೇಡ. ಬೈಕಿನ ಹಿಂದೆ ಕೂತು ಹೊಂಡದ ರಸ್ತೆಯಲ್ಲಿ ಹೋಗುವುದೂ ಬೇಡ. ನಡಿಗೆ ಮಾತ್ರ ದಿನಕ್ಕೆ ನಾಲ್ಕೈದು ಸಲ, ದೂರ ನಿಧಾನಕ್ಕೆ ಜಾಸ್ತಿ ಮಾಡುತ್ತಾ ಹೋಗಬೇಕು. ಎಕ್ಸ್‌ರೇ 6 ವಾರ, 3 ತಿಂಗಳು, 6 ತಿಂಗಳು, 1 ವರ್ಷಕ್ಕೆ. ಸ್ಕ್ರೂ ಸುತ್ತ ಕಪ್ಪು ಉಂಗುರ ಕಂಡರೆ ಸಡಿಲವಾಗಿದೆ ಎಂದು ಅರ್ಥ. ಬೀಡಿ ಬಿಡಿಸಲೇಬೇಕು, ಅದು ಎಲುಬು ಕೂಡುವುದನ್ನು ತಡ ಮಾಡುತ್ತದೆ.

ಆರು ತಿಂಗಳಲ್ಲಿ ಚಿತ್ರ ಚೆನ್ನಾಗಿದ್ದರೆ ತೋಟದ ಕೆಲಸ ಹಂತಹಂತವಾಗಿ. ಮರ ಹತ್ತುವುದು ಬೇಡ ಎಂದು ನಾನು ಖಡಾಖಂಡಿತ ಹೇಳುತ್ತೇನೆ. ಫೈಬರ್ ದೋಟಿ ಬಂದ ಮೇಲೆ ನೆಲದಲ್ಲೇ ನಿಂತು ಕೊನೆ ಇಳಿಸಬಹುದು, ಮದ್ದೂ ಬಿಡಬಹುದು. ಆದರೆ ಉದ್ದ ದೋಟಿ ಹಿಡಿದು ಗಂಟೆಗಟ್ಟಲೆ ಹಿಂದಕ್ಕೆ ಬಾಗಿ ಮೇಲೆ ನೋಡುವುದರಿಂದ ಸ್ಕ್ರೂ ತುದಿಯ ಪಕ್ಕದ ಕೀಲು ನೋಯುತ್ತದೆ. ಮರದ ಬುಡದಿಂದ ಸ್ವಲ್ಪ ದೂರ ನಿಲ್ಲಲಿ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕೈ ಬದಲಾಯಿಸುವ ಇನ್ನೊಬ್ಬರು ಇರಲಿ.

ಕಾಲಿನ ಬಲ ಹೋದವರ ಮನೆಗೆ ಬೇರೆ ಪಾಠ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಇಡುವುದು, 4ರಿಂದ 6 ಗಂಟೆಗೊಮ್ಮೆ ಕ್ಯಾತಿಟರ್ ಹಾಕಿ ಮೂತ್ರ ತೆಗೆಯುವುದು. ಒಂದು ಸಲಕ್ಕೆ 500 ಮಿ.ಲೀ. ದಾಟಬಾರದು, ದಾಟಿದರೆ ನೀರು ಕುಡಿಯುವ ಹೊತ್ತನ್ನು ಹಂಚಬೇಕು. ಇದನ್ನು ಡಿಸ್ಚಾರ್ಜ್ ಮೊದಲೇ ಮನೆಯವರ ಕೈಯಲ್ಲೇ ಮಾಡಿಸಿ ನೋಡಬೇಕು.

ಮನೆಗೆ ಹೋದ ಮೇಲೆ ಗಾಯದಿಂದ ನೀರು ಒಸರುವುದು, ಜ್ವರ, ಒಂದೇ ಕಾಲಿನ ಮೀನಖಂಡ ಊದುವುದು ಕಂಡರೆ ತಡಮಾಡದೆ ತೋರಿಸಬೇಕು. ಕಾಲಿಗೆ ಹೊಸದಾಗಿ ಸೋಲು ಬಂದರೆ, ಕೂರುವ ಜಾಗ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅದೇ ದಿನ, ರಾತ್ರಿಯಾದರೂ ಸರಿ.

ಸ್ಪೈನ್ ಮಂಗಳೂರು:

ತೆಗೆಸುವ ಪ್ರಶ್ನೆ ಉಳಿದಿತ್ತು. ಎಲುಬು ಕೂಡಿಸುವ ಫ್ಯೂಷನ್ ಮಾಡದೆ ಬರೀ ಸ್ಕ್ರೂ ಹಾಕಿದ್ದರೆ, ಅದು ಒಳ್ಳೆಯ ಡಿಸ್ಕನ್ನೂ ಕಟ್ಟಿ ಹಾಕಿರುತ್ತದೆ. ಆ ಕೀಲು ಅಲುಗಲು ನೋಡುತ್ತಲೇ ಇರುವುದರಿಂದ ಲೋಹ ಒಂದು ದಿನ ದಣಿಯುತ್ತದೆ. ಎಳೆಯರಲ್ಲಿ ಸಿಟಿಯಲ್ಲಿ ಮುರಿತ ಪೂರ್ತಿ ಕೂಡಿದ್ದು ಕಂಡ ಮೇಲೆ, ಸಾಮಾನ್ಯವಾಗಿ 9ರಿಂದ 12 ತಿಂಗಳ ನಂತರ, ತೆಗೆಸುವುದಕ್ಕೆ ನನ್ನ ಒಲವು. ತೆಗೆದ ಮೇಲೆ ಒಡೆದ ತಟ್ಟೆಯ ಪಕ್ಕದ ಡಿಸ್ಕ್ ಸ್ವಲ್ಪ ಕುಸಿದು ಕೆಲವು ಡಿಗ್ರಿ ಬಾಗು ಮರಳಿ ಬರುತ್ತದೆ ಎಂದು ರೋಗಿಗೆ ಮುಂಚೆಯೇ ಹೇಳಿಡಬೇಕು. ಫ್ಯೂಷನ್ ಆಗಿದ್ದರೆ, ವಯಸ್ಸಾಗಿದ್ದರೆ, ನೋವಿಲ್ಲದಿದ್ದರೆ ಮುಟ್ಟಬೇಕಾಗಿಲ್ಲ. ಮುರಿದ ಸ್ಕ್ರೂ ತುಂಡು ನೋವು, ಕೀವು ಏನೂ ಇಲ್ಲದೆ ಒಳಗಿದ್ದರೆ ಅಲ್ಲೇ ಇರಲಿ, ಅದನ್ನು ಅಗೆಯುವುದರಲ್ಲೇ ಹೆಚ್ಚು ಹಾನಿ. ಟೈಟಾನಿಯಂ ಇದ್ದರೂ ಎಂಆರ್‌ಐ ಮಾಡಬಹುದು, ಸ್ಕ್ರೂ ಇರುವಲ್ಲಿ ಮಾತ್ರ ಚಿತ್ರ ಮಸುಕು.

ಓಟಿ ಟೆಕ್ನೀಷಿಯನ್ ಉಡುಪಿ:

ಅದಕ್ಕೆ ಸೇರಿಸಿ: ಡಿಸ್ಚಾರ್ಜ್ ಕಾಗದದ ಜತೆ ಇಂಪ್ಲಾಂಟ್ ಸ್ಟಿಕ್ಕರ್ ಇದೆಯಾ ಎಂದು ನಿಮ್ಮ ಕ್ಲಿನಿಕ್ಕಿನಲ್ಲಿ ನೋಡಿ, ಇಲ್ಲದಿದ್ದರೆ ಒಂದೆರಡು ವಾರದೊಳಗೇ ಆಸ್ಪತ್ರೆಯಿಂದ ತರಿಸಿ. ಕಂಪನಿ, ಸಿಸ್ಟಮ್ ಹೆಸರು, ಸ್ಕ್ರೂ ಅಳತೆ, ಲಾಟ್ ಸಂಖ್ಯೆ ಅದರಲ್ಲಿರುತ್ತದೆ. ಸೆಟ್ ಸ್ಕ್ರೂವಿನ ತಲೆ ಒಂದೊಂದು ಸಿಸ್ಟಮ್‌ಗೆ ಒಂದೊಂದು ಥರ. ಸರಿಯಾದ ಡ್ರೈವರ್ ಇಲ್ಲದೆ ತೆಗೆಯಲು ಹೋದರೆ ತಲೆಯ ಒಳಮೈ ಸವೆದು, ಅರ್ಧ ಗಂಟೆಯ ಕೆಲಸಕ್ಕೆ ರಾಡನ್ನೇ ಕತ್ತರಿಸಬೇಕಾಗುತ್ತದೆ. ಸ್ಟಿಕ್ಕರನ್ನು ಫೋಟೋ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಿ ಇಡಿಸಿ, ಕಾಗದ ಮಳೆಗಾಲದಲ್ಲಿ ಶೀತ ಹಿಡಿದು ಅಕ್ಷರ ಅಳಿಸಿ ಹೋಗುತ್ತದೆ.